ಪರಾನಾ ದಡದ ಎನ್ಕಾರ್ನಾಸಿಯೋನ್

ಕೇಳುಗರಿಗೆ ನಮಸ್ಕಾರ. ಪರಾಗ್ವೆ ದೇಶದ ದಕ್ಷಿಣಕ್ಕೆ, ಪರಾನಾ ನದಿಯ ದಡದಲ್ಲಿ ಎನ್ಕಾರ್ನಾಸಿಯೋನ್ ಎಂಬ ಗಡಿಯೂರು ಇದೆ. ಆಚೆ ದಡದಲ್ಲಿ ಕಾಣುವುದು ಅರ್ಜೆಂಟೀನಾದ ಪೊಸಾದಾಸ್. 1615ರಲ್ಲಿ ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿ ರೋಕೆ ಗೊನ್ಸಾಲೆಸ್, ಅಲ್ಲಿನ ಮೂಲನಿವಾಸಿಗಳಾದ ಗ್ವಾರಾನಿ ಜನರ ನಡುವೆ ನೆಲೆ ಹೂಡಿದ್ದು ಈಗ ಪೊಸಾದಾಸ್ ಇರುವ ಕಡೆ. ಕೆಲವೇ ವರ್ಷಗಳಲ್ಲಿ ಆ ನೆಲೆ ಹೊಳೆ ದಾಟಿ ಈಚೆಗೆ ಬಂತು. ಹಾಗಾಗಿ ಎರಡೂ ಊರಿಗೆ ಆತನೇ ಮೂಲಪುರುಷ. ನಡುವಿನ ಸೇತುವೆಗೂ ಆತನದೇ ಹೆಸರು.

ಆದರೆ ಊರೊಳಗೆ ಆ ಕಾಲದ ಗೋಡೆ ಹುಡುಕಿದರೆ ಸಿಗದು. ನೂರು ವರ್ಷ ಹಳೆಯ ಪೇಟೆಯೇ ಈಗ ನೀರಡಿ ಇದೆ. ಹೊಳೆ ಹರಿದುಹೋಗುವ ಕೆಳಗಡೆ ಯಾಸಿರೆತಾ ಅಣೆಕಟ್ಟು ಕಟ್ಟಿ, 1994ರಲ್ಲಿ ಹಿನ್ನೀರನ್ನು ಸಮುದ್ರಮಟ್ಟದಿಂದ 76 ಮೀಟರಿಗೆ ನಿಲ್ಲಿಸಿದರು. 2011ರಲ್ಲಿ 83ಕ್ಕೆ ಏರಿಸಿದರು. ಏಳೇ ಮೀಟರು, ನಿಜ. ಆದರೆ ತಗ್ಗಿನಲ್ಲಿದ್ದ ಅಂಗಡಿಬೀದಿಗಳು, ಮನೆಗಳು ಹೋದವು, ಜನ ದಿಬ್ಬಕ್ಕೆ ಏರಬೇಕಾಯಿತು. ಇವತ್ತು ಪ್ರವಾಸಿಗರು ಮೆಚ್ಚುವ ಸಾನ್ ಹೋಸೆ ಎಂಬ, ಕಡಲತೀರದಂಥ ಮರಳದಂಡೆ ಹೊಳೆ ತಂದದ್ದಲ್ಲ, ಮನುಷ್ಯರು ತಂದು ಸುರಿದದ್ದು. ಅದರ ಚೆಲುವನ್ನು ನೋಡುವಾಗ ಮುಳುಗಿದ ಬೀದಿಗಳನ್ನೂ ನೆನೆಯಬೇಕು.

ಗಡಿ ದಾಟುವವರು ಎಡವುವುದು ಬಸ್ಸಿನಲ್ಲಿ. ಸೇತುವೆಯ ಎರಡೂ ತುದಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ಇದೆ. ನೀವು ಇಳಿದು ಸಾಲಿನಲ್ಲಿ ನಿಂತಾಗ ಊರಿನ ಬಸ್ಸು ಕಾಯದೆ ಹೊರಟುಬಿಡಬಹುದು. ಅದಕ್ಕೇ ಚೀಟಿ ಎಸೆಯಬೇಡಿ, ಅದೇ ಕಂಪನಿಯ ಮುಂದಿನ ಬಸ್ಸಿಗೆ ತೋರಿಸಿ ಹತ್ತಬಹುದು. ಚೀಲವನ್ನು ಸೀಟಿನಲ್ಲಿ ಬಿಡದೆ ಕೈಯಲ್ಲೇ ಹಿಡಿದು ಇಳಿಯಿರಿ. ಮುದ್ರೆ ಬಿತ್ತೇ ಎಂದು ಅಲ್ಲೇ ನೋಡಿಕೊಳ್ಳಿ. ಮುದ್ರೆ ಇಲ್ಲದೆ ಒಳಗೆ ಹೋದರೆ ದೇಶ ಬಿಡುವಾಗ ದಂಡ ತೆರಬೇಕು.

ಜೆಸ್ಯೂಟರ ಕಾಲ ಕಾಣಬೇಕಾದರೆ ಹೆದ್ದಾರಿಯಲ್ಲಿ ಸುಮಾರು 30 ಕಿ.ಮೀ. ಈಶಾನ್ಯಕ್ಕೆ, ಅವರ ಹಳೆಯ ನೆಲೆಯ ಪಾಳುಕಟ್ಟಡಗಳಿರುವ ತ್ರಿನಿದಾದ್‌ಗೆ ಹೋಗಬೇಕು. ಸಿಯುದಾದ್ ದೆಲ್ ಎಸ್ತೆ ಎಂಬ ಊರಿಗೆ ಹೋಗುವ ಬಸ್ಸು ಹತ್ತಿ, ಎಲ್ಲಿ ಇಳಿಯಬೇಕೆಂದು ಕಂಡಕ್ಟರಿಗೆ ಮೊದಲೇ ಹೇಳಿಡಿ. ಬಯಲಿನಲ್ಲಿ ನೆರಳು ಕಡಿಮೆ. ಜನವರಿಯಲ್ಲಿ ಅಲ್ಲಿ ಕಡುಬೇಸಿಗೆ, ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು. ಕೆಂಪು ಮರಳುಗಲ್ಲಿನ ದೊಡ್ಡ ಇಗರ್ಜಿಯೊಳಗೆ ತಲೆಯೆತ್ತಿ ನೋಡಿ. ಗೋಡೆಯ ಮೇಲಂಚಿನ ಪಟ್ಟಿಯಲ್ಲಿ ದೇವದೂತರು ಸಾಲಾಗಿ ವಾದ್ಯ ನುಡಿಸುತ್ತಾರೆ, ಒಬ್ಬನ ಕೈಯಲ್ಲಿ ಹಾರ್ಪ್. ಗ್ವಾರಾನಿ ಕೈಗಳ ಕೆತ್ತನೆ ಅದು.

ಅಲ್ಲಿಂದ ಜೆಸ್ಯೂಟರ ಇನ್ನೊಂದು ನೆಲೆ ಹೆಸೂಸ್ ಇನ್ನು 12 ಕಿ.ಮೀ. ಬಸ್ಸು ವಿರಳ, ಟ್ಯಾಕ್ಸಿಯವರ ಹತ್ತಿರ ಹೋಗಿಬರುವ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಟಿಕೆಟ್ ಎರಡೂ ಕಡೆಗೆ ಒಂದೇ, ಜೋಪಾನವಾಗಿಡಿ. 1767ರಲ್ಲಿ ಸ್ಪೇನಿನ ದೊರೆ ಜೆಸ್ಯೂಟರನ್ನು ಹೊರಹಾಕಲು ಆಜ್ಞೆ ಹೊರಡಿಸಿದಾಗ ಹೆಸೂಸ್ ಇಗರ್ಜಿ ಇನ್ನೂ ಕಟ್ಟಡದ ಹಂತದಲ್ಲಿತ್ತು. ಬಾಗಿಲ ಕಮಾನುಗಳು ಪೂರ್ತಿಯಾಗಿವೆ, ಕಂಬಗಳೂ ನಿಂತಿವೆ. ಮೇಲೆ ಚಾವಣಿ ಏರಲೇ ಇಲ್ಲ.