ಬಾಯಿ ಉರಿ ಎಲ್ಲಿಂದ ಬರುತ್ತದೆ?

ಎಲ್ಲರಿಗೂ ನಮಸ್ಕಾರ. ಪೆರ್ಲ, ಬದಿಯಡ್ಕ, ನೀರ್ಚಾಲಿನಿಂದ ಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ. ಖುಷಿಯಾಯಿತು.

ಅಪ್ಪನ ಸುದ್ದಿಯಿಂದಲೇ ಶುರು ಮಾಡುತ್ತೇನೆ. ನಾನಿನ್ನೂ ಓದುತ್ತಿದ್ದೆ. ಸಾರಿಗೆ ಖಾರ ಬೇಡ, ಬಾಯಿ ಉರಿ ಎನ್ನುತ್ತಿದ್ದರು. ಉಷ್ಣ ಇರಬೇಕು ಅಂತ ಎಳನೀರು ಕೊಟ್ಟೆವು. ವರ್ಷ ಕಳೆಯುವಾಗ ಅವರ ಬಾಯಿಗೆ ಮೂರು ಬೆರಳು ಒಟ್ಟಿಗೆ ಹೋಗುತ್ತಿರಲಿಲ್ಲ. ದೋಸೆಯನ್ನು ಚೂರು ಮಾಡಿ ಸಂದಿಯಲ್ಲಿ ತುರುಕುತ್ತಿದ್ದರು. ದಿನಕ್ಕೆ ಹತ್ತು ಸಲ ಎಲೆಅಡಿಕೆ ಹಾಕುವ ಮನುಷ್ಯ.

ನಮ್ಮ ಜೀವಕೋಶ ಆಮ್ಲಜನಕ ಬಳಸಿ ಶಕ್ತಿ ಮಾಡುವಾಗ ಸ್ವಲ್ಪ ಆಮ್ಲಜನಕ ಅರೆಬರೆಯಾಗಿ ಸೋರುತ್ತದೆ. ಅದಕ್ಕೆ ನೆಮ್ಮದಿ ಇಲ್ಲ. ಹತ್ತಿರದ ಕೊಬ್ಬು, ಪ್ರೋಟೀನ್, ಡಿಎನ್‌ಎ ಯಾವುದನ್ನಾದರೂ ಕೆಡಿಸುತ್ತದೆ. ಅದನ್ನು ತಡೆಯುವ ಕಾವಲು ದೇಹದಲ್ಲೇ ಇದೆ. ಕಾವಲು ಸಾಲದಾದಾಗ ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತೇವೆ. 1985ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮುಟ್ ಸೀಸ್ ಆ ಮಾತಿಗೆ ಅರ್ಥ ಕೊಟ್ಟರು.

ಕೆಟ್ಟ ಕೋಶ ಸುಮ್ನೆ ಕೂರುವುದಿಲ್ಲ. ಅದರೊಳಗಿನ ಎನ್‌ಎಫ್ ಕಪ್ಪಾ ಬಿ ಎಂಬ ಸ್ವಿಚ್ ಬಿದ್ದು, ಬಿಳಿ ರಕ್ತಕಣಗಳಿಗೆ ಕರೆ ಹೋಗುತ್ತದೆ. ಅವು ಬಂದು ರೋಗಾಣು ಕೊಲ್ಲಲು ಸುರಿಯುವುದೂ ಅದೇ ಉಗ್ರ ಆಮ್ಲಜನಕವನ್ನು! ಈ ಕಾಳಗವೇ ಉರಿಯೂತ. ಉರಿಯೂತದಿಂದ ಮತ್ತೆ ಸ್ಟ್ರೆಸ್, ಸ್ಟ್ರೆಸ್‌ನಿಂದ ಮತ್ತೆ ಉರಿಯೂತ. ಕತ್ತಿ ತಾಗಿದ ಗಾಯದಲ್ಲಿ ಇದು ಕೆಲವು ದಿನಕ್ಕೆ ಮುಗಿಯುತ್ತದೆ. ಬೀಡಿ, ಹೊಟ್ಟೆಯ ಬೊಜ್ಜು, ನಿದ್ದೆಗೇಡು ದಿನವೂ ಇದ್ದರೆ ಮುಗಿಯುವುದಿಲ್ಲ. ಜ್ವರವೂ ಇಲ್ಲ, ಬಾವೂ ಇಲ್ಲ. ಒಳಗೊಳಗೇ ರಕ್ತನಾಳ ಕೆಡುತ್ತದೆ.

ಈಗ ಅಡಿಕೆ. ನಾನು ಓದಿದ್ದು ಅಡಿಕೆಯ ದುಡ್ಡಿನಲ್ಲಿ. ಆದರೂ ಹೇಳಲೇಬೇಕು. ಬಾಳೆಕಾಯಿ ಕೊಯ್ದಿಟ್ಟರೆ ಕಪ್ಪಾಗುತ್ತದೆ ಅಲ್ವಾ? ಸುಣ್ಣ ಸೇರಿದಾಗ ಅಡಿಕೆಯ ಚೊಗರು ಬಾಯೊಳಗೇ ಹಾಗೆ ಆಕ್ಸಿಡೈಸ್ ಆಗುತ್ತದೆ. ಆಗ ಆ ಉಗ್ರ ಆಮ್ಲಜನಕ ಹುಟ್ಟಿ ಕೆನ್ನೆಯ ಒಳಚರ್ಮಕ್ಕೆ ತಾಗುತ್ತದೆ. ಜಗಿದು ಜಗಿದು ಉಜ್ಜುವುದು ಬೇರೆ. ಉರಿಯೂತ ನಿಲ್ಲದೆ ಆ ಮೆತ್ತಗಿನ ಚರ್ಮ ನಾರುಗಟ್ಟುತ್ತದೆ. ಅಡಿಕೆಯಲ್ಲಿರುವ ತಾಮ್ರವೂ, ಅರೆಕೋಲಿನ್ ಎಂಬ ಅಂಶವೂ ಆ ನಾರನ್ನು ಗಟ್ಟಿ ಮಾಡುತ್ತವೆ. ಹೊಗೆಸೊಪ್ಪು ಇಲ್ಲದಿದ್ದರೆ ತೊಂದರೆಯಿಲ್ಲ ಅನ್ನುವವರು ಜಾಸ್ತಿ. ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಹಾಕಿದೆ.

ಆ ಕಾವಲಿಗೆ ಬಲ ಕೊಡುವ ಆಂಟಿಆಕ್ಸಿಡೆಂಟ್ ಮಾತ್ರೆ ಸಾಕಲ್ವಾ ಡಾಕ್ಟ್ರೇ ಅಂತ ಕೇಳುತ್ತೀರಿ. ಫಿನ್‌ಲ್ಯಾಂಡಿನಲ್ಲಿ ಸುಮಾರು 29,000 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೊಟಿನ್ ಎಂಬ ಆಂಟಿಆಕ್ಸಿಡೆಂಟ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಶೇಕಡಾ ಹೆಚ್ಚಿತ್ತು. ಬೀಡಿ ಎಳೆಯುತ್ತಾ ಮಾತ್ರೆ ನುಂಗಿದರೆ ಆಗುವುದಿಲ್ಲ. ಬಸಳೆ, ನುಗ್ಗೆಸೊಪ್ಪು, ನೆಲ್ಲಿಕಾಯಿ ತಿನ್ನಿ, ನಡೆಯಿರಿ, ನಿದ್ದೆ ಮಾಡಿ.

ಅಪ್ಪ ಕೊನೆಗೂ ಎಲೆಅಡಿಕೆ ಬಿಟ್ಟರು. ಉರಿ ಕಡಿಮೆಯಾಯಿತು. ಬಾಯಿ ಮಾತ್ರ ಮೊದಲಿನಂತೆ ತೆರೆಯಲಿಲ್ಲ.

ಈಗ ಎಲ್ಲರೂ ಮೂರು ಬೆರಳು ಸೇರಿಸಿ, ನೆಟ್ಟಗೆ ಹಲ್ಲುಗಳ ನಡುವೆ ಇಟ್ಟು ನೋಡಿ. ಹೋಗದವರು ನಾಚಬೇಡಿ. ಚಹಾ ಕುಡಿದು ಈಚೆ ಬನ್ನಿ, ಟಾರ್ಚ್ ತಂದಿದ್ದೇನೆ.