ಹಳೆಯ ಕಟ್ಟಡಕ್ಕೆ ಹೊಸ ವೈರಿಂಗ್: ಎರಡು ತಂತಿಗೆ ಎರಡು ಪೈಪು

ಕೇಳುಗರಿಗೆ ನಮಸ್ಕಾರ.

ಹಳೆಯ ಹಾಸ್ಟೆಲು, ಲಾಡ್ಜು, ಕಲ್ಯಾಣ ಮಂಟಪಗಳನ್ನು ನಡೆಸುವವರು ಮತ್ತು ಏಣಿ ಹತ್ತಿ ವೈರಿಂಗ್ ಮಾಡುವ ಗೆಳೆಯರು ಈ ಹತ್ತು ನಿಮಿಷ ನನ್ನ ಮಾತಿಗೆ ಕಿವಿಗೊಡಬೇಕೆಂದು ವಿನಂತಿ. ನಾನು ಹೇಳಬೇಕಾದದ್ದು ಒಂದೇ ಸಂಗತಿ: ಕರೆಂಟಿನ ತಂತಿಯನ್ನೂ ಫೈರ್ ಅಲಾರಂ ತಂತಿಯನ್ನೂ ಒಂದೇ ಪೈಪಿನಲ್ಲಿ ಎಳೆಯಬೇಡಿ.

ಅರವತ್ತು ಎಪ್ಪತ್ತು ವರ್ಷದ ಕಟ್ಟಡಗಳಲ್ಲಿ ಮರದ ಪಟ್ಟಿಯೊಳಗೆ ಹಾಯಿಸಿದ ರಬ್ಬರಿನ ಹೊದಿಕೆಯ ವೈರುಗಳು ಇಂದಿಗೂ ಸಿಗುತ್ತವೆ. ಅವನ್ನು ಸ್ವಲ್ಪ ಬಗ್ಗಿಸಿದರೆ ಸಾಕು, ಒಣಗಿದ ರಬ್ಬರು ಪುಡಿಯಾಗಿ ಉದುರುತ್ತದೆ. ಅದನ್ನೆಲ್ಲ ಕಿತ್ತು ಹೊಸ ವೈರಿಂಗ್ ಮಾಡಿಸುವುದು, ಜೊತೆಯಲ್ಲೇ ಫೈರ್ ಅಲಾರಂ ಕೂಡಿಸುವುದು ಸರಿಯಾದ ನಿರ್ಧಾರವೇ. ತಪ್ಪಾಗುವುದು ಆಮೇಲೆ. ಸುಣ್ಣದ ಗಾರೆಯ ದಪ್ಪ ಗೋಡೆಯನ್ನು ಕೊರೆದರೆ ಹೆಂಟೆ ಹೆಂಟೆಯಾಗಿ ಕಳಚಿ ಬೀಳುತ್ತದೆ ಎಂಬ ಅಂಜಿಕೆಯಿಂದ, ಇರುವ ಪೈಪಿನಲ್ಲೇ ಜಾಗವಿದೆಯಲ್ಲ ಎಂದು ಕರೆಂಟಿನ ವೈರುಗಳ ತುದಿಗೆ ಅಲಾರಂ ಕೇಬಲ್ಲನ್ನೂ ಕಟ್ಟಿ ಎಳೆದುಬಿಡುತ್ತಾರೆ. ಅರ್ಧ ದಿನದ ಕೂಲಿ ಉಳಿಯುತ್ತದೆ.

ಕರೆಂಟಿನ ತಂತಿಯಲ್ಲಿ ಹರಿಯುವುದು 230 ವೋಲ್ಟಿನ ಎಸಿ ವಿದ್ಯುತ್ತು. ಅಲಾರಂ ತಂತಿಯಲ್ಲಿರುವುದು ಸಾಮಾನ್ಯವಾಗಿ 24 ವೋಲ್ಟಿನ ಡಿಸಿ, ಅದೂ ಮಿಲಿಆಂಪಿಯರ್ ಲೆಕ್ಕದ ಸಣ್ಣ ಸಂಕೇತ. ಜಾತ್ರೆಯಲ್ಲಿ ನಗಾರಿಯ ಪಕ್ಕ ನಿಂತು ಪಿಸುಮಾತಿನಲ್ಲಿ ಸುದ್ದಿ ಹೇಳಿದರೆ ಯಾರಿಗೆ ಕೇಳಿಸೀತು?

ಹಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಒಂದು ಹಳೆಯ ಹಾಸ್ಟೆಲಿಗೆ ನನ್ನನ್ನು ಕರೆಸಿದ್ದರು. ಹೊಸ ವೈರಿಂಗ್ ಆಗಿ ವರ್ಷವೂ ತುಂಬಿರಲಿಲ್ಲ. ಸಂಜೆ ಬೋರ್‌ವೆಲ್ ಮೋಟಾರ್ ಹಾಕಿದಾಗಲೆಲ್ಲ ಅಲಾರಂ ಬಡಿದುಕೊಳ್ಳುತ್ತಿತ್ತು. ಮೋಟಾರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆ ಹೊಡೆತ ಪಕ್ಕದಲ್ಲೇ ಇದ್ದ ಅಲಾರಂ ತಂತಿಗೂ ತಗಲುತ್ತಿತ್ತು. ಹೊಗೆ ಪತ್ತೆಹಚ್ಚುವ ಡಿಟೆಕ್ಟರ್‌ಗಳೇ ಕೆಟ್ಟಿವೆ ಎಂದು ಎರಡು ಸಲ ಬದಲಾಯಿಸಿದ್ದರು. ಪೈಪಿನೊಳಗೆ ಏನಿದೆ ಎಂದು ಯಾರೂ ನೋಡಿರಲಿಲ್ಲ. ಮೊದಲ ವಾರ ಹುಡುಗರು ಅಂಗಳಕ್ಕೆ ಓಡಿ ಬಂದರು. ತಿಂಗಳು ಕಳೆಯುವಷ್ಟರಲ್ಲಿ ಹಾಸಿಗೆಯಿಂದ ಏಳುವುದನ್ನೂ ಬಿಟ್ಟರು. “ಮೋಟಾರ್ ಹಾಕಿದ್ರು ಅಂತ ಗೊತ್ತಾಗ್ತಿತ್ತು ಸಾರ್, ಅಷ್ಟೇ” ಎಂದು ಒಬ್ಬ ಹುಡುಗ ನನಗೆ ಹೇಳಿದ.

ಒಂದು ರಾತ್ರಿ ಹನ್ನೊಂದು ಗಂಟೆಯ ಮೇಲೆ ಕರೆಂಟು ಬಂದಾಗ ಟ್ಯಾಂಕ್ ತುಂಬಿಸಲು ಮೋಟಾರ್ ಹಾಕಿದರು. ಕಾರಿಡಾರಿನ ಜಂಕ್ಷನ್ ಬಾಕ್ಸಿನಲ್ಲಿ ಮೋಟಾರಿನ ಲೈನನ್ನು ಬರೀ ತಿರುಚಿ ಟೇಪು ಸುತ್ತಿದ್ದರು. ಆ ಸಡಿಲ ಜೋಡಣೆ ಕಾದು ಕೆಂಪಾಯಿತು. ಹೆಚ್ಚು ಕರೆಂಟು ಹರಿದರೆ ತಾನಾಗಿ ಬೀಳುವ ಸ್ವಿಚ್ಚಾದ ಎಂಸಿಬಿ ಬೀಳಲಿಲ್ಲ, ಏಕೆಂದರೆ ಸಡಿಲ ಜೋಡಣೆ ಹೆಚ್ಚು ಕರೆಂಟು ಎಳೆಯುವುದಿಲ್ಲ, ಇರುವ ಕರೆಂಟಿನಲ್ಲೇ ಕಾಯುತ್ತದೆ. ಮಾಮೂಲಿ ಪಿವಿಸಿ ಹೊದಿಕೆ ತಾಳುವುದು ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು. ಎರಡೂ ಹೊದಿಕೆಗಳು ಕರಗಿ, ತಾಮ್ರಕ್ಕೆ ತಾಮ್ರ ತಾಗಿ, 230 ವೋಲ್ಟು ನೇರವಾಗಿ ಅಲಾರಂ ನಡೆಸುವ ಪೆಟ್ಟಿಗೆಗೆ, ಅಂದರೆ ಪ್ಯಾನೆಲ್ಲಿಗೆ ನುಗ್ಗಿ ಅದರೊಳಗಿನ ಸರ್ಕ್ಯೂಟ್ ಕಾರ್ಡನ್ನು ಸುಟ್ಟುಹಾಕಿತು. ಇಷ್ಟು ದಿನ ಸುಮ್ಮಸುಮ್ಮನೆ ಬಡಿದುಕೊಳ್ಳುತ್ತಿದ್ದ ಗಂಟೆ ನಿಜವಾದ ಹೊಗೆ ಎದ್ದ ರಾತ್ರಿ ಸದ್ದೇ ಮಾಡಲಿಲ್ಲ. ಪರೀಕ್ಷೆಗೆ ಓದುತ್ತ ಎಚ್ಚರವಿದ್ದ ಹುಡುಗನೊಬ್ಬ ಸುಟ್ಟ ವಾಸನೆ ಹಿಡಿದು, ಓಡಿ ಹೋಗಿ ಮೇನ್ ಸ್ವಿಚ್ ಇಳಿಸಿದ.

ಮರುದಿನ ಆ ಬಾಕ್ಸನ್ನು ನಾನೇ ಬಿಚ್ಚಿದೆ. ಅಲಾರಂನ ಕೆಂಪು ಕೇಬಲ್ಲೂ ಕರೆಂಟಿನ ವೈರುಗಳೂ ಒಟ್ಟಿಗೆ ಕರಗಿ, ಆರಿದ ಬೆಲ್ಲದ ಪಾಕದಂತೆ ಕಪ್ಪಗೆ ಗಟ್ಟಿಯಾಗಿದ್ದವು. ಸ್ಕ್ರೂಡ್ರೈವರಿನ ತುದಿಯಿಂದ ಮೀಟಿದರೂ ಒಂದರಿಂದ ಇನ್ನೊಂದು ಬಿಡಲಿಲ್ಲ. ಒಂದೇ ಪೈಪಿನಲ್ಲಿ ಎಳೆಯಬೇಡಿ ಎಂದು ನಾನು ಮತ್ತೆ ಮತ್ತೆ ಹೇಳುವುದು ಅದನ್ನು ಕಣ್ಣಾರೆ ಕಂಡದ್ದರಿಂದ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡಕ್ಕೆ ಬೆಂಕಿ ಬಿದ್ದು 9 ಜನ ಪ್ರಾಣ ಕಳೆದುಕೊಂಡರು. ಹೊಗೆ ಮಹಡಿಯಿಂದ ಮಹಡಿಗೆ ಎಷ್ಟು ಬೇಗ ಏರುತ್ತದೆ ಎಂಬುದನ್ನು ಅಂದು ಇಡೀ ನಗರ ನೋಡಿತು. ಅಂಥ ಹೊತ್ತಿನಲ್ಲಿ ಎರಡು ನಿಮಿಷ ಮೊದಲು ಎಚ್ಚರಿಸುವುದಕ್ಕಾಗಿಯೇ ಅಲಾರಂ ಇರುವುದು.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂದಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಗೋಡೆ ಕೊರೆಯಲು ಮನಸ್ಸಿಲ್ಲದಿದ್ದರೆ ಅಲಾರಂ ಕೇಬಲ್ಲಿಗೆ ಗೋಡೆಯ ಮೇಲೆಯೇ ಪ್ರತ್ಯೇಕ ಪೈಪು ಹಾಕಿಸಿ, ಕರೆಂಟಿನ ಪೈಪಿನಿಂದ ಒಂದು ಅಡಿ ದೂರವಿರಲಿ. ಎರಡೂ ಅಡ್ಡ ಹಾಯಲೇಬೇಕಾದಲ್ಲಿ ನೇರ ಮೂಲೆಮಟ್ಟವಾಗಿ ಹಾಯಲಿ. ಜಂಕ್ಷನ್ ಬಾಕ್ಸುಗಳೂ ಬೇರೆಯೇ ಇರಲಿ. ಕೆಂಪು ಬಣ್ಣ ಬೆಂಕಿಯನ್ನು ತಡೆಯುವುದಿಲ್ಲ, ದಯವಿಟ್ಟು ಇದನ್ನು ಗಮನಿಸಿ. ಒಳಗೆ ಅಭ್ರಕದ ಪಟ್ಟಿ ಸುತ್ತಿದ, ಬೆಂಕಿಯಲ್ಲೂ ಕೆಲಸ ಮಾಡುವ ಕೇಬಲ್ಲನ್ನೇ ಕೇಳಿ ತನ್ನಿ, ಅದನ್ನು ಹಿಡಿದಿಡುವ ಕ್ಲಾಂಪುಗಳು ಲೋಹದವಾಗಿರಲಿ. ಪ್ಯಾನೆಲ್ಲಿಗೆ ಬರುವ 230 ವೋಲ್ಟಿನ ಲೈನಿಗೂ ಪ್ರತ್ಯೇಕ ಎಂಸಿಬಿ, ಪ್ರತ್ಯೇಕ ಪೈಪು ಬೇಕು. ಈ ಕೆಲಸಕ್ಕೆಂದೇ ಐಎಸ್ 2189 ಎಂಬ ಭಾರತೀಯ ಮಾನಕವಿದೆ. ಆ ಸಂಖ್ಯೆಯನ್ನು ಗುತ್ತಿಗೆ ಪತ್ರದಲ್ಲೇ ಬರೆಸಿ.

ಹಣ ಕೊಡುವ ಮೊದಲು ಮೋಟಾರು, ಲಿಫ್ಟು, ಗೀಸರುಗಳನ್ನು ಒಂದಾದ ಮೇಲೊಂದು ಹಾಕಿಸಿ, ಅಲಾರಂ ಸುಮ್ಮಸುಮ್ಮನೆ ಬಡಿದುಕೊಳ್ಳುತ್ತದೆಯೇ ಎಂದು ಪ್ಯಾನೆಲ್ಲಿನ ಮುಂದೆ ನೀವೇ ನಿಂತು ನೋಡಿ. ಗೋಡೆ ಕೊರೆದಿದ್ದರೆ, ಗಾರೆ ಮೆತ್ತುವ ಮುನ್ನ ಎರಡು ಪೈಪುಗಳೂ ಕಾಣುವಂತೆ ಫೋಟೋ ತೆಗೆಸಿ, ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿಡಿ. ನಮಸ್ಕಾರ.