ಗಣಿ ಮುಚ್ಚಿದ್ರೂ ಸಂಘ ಮುಚ್ಚಲಿಲ್ಲ

ಕೇಳುಗರೆಲ್ಲರಿಗೂ ಶರಣು ಶರಣಾರ್ಥಿ.

ನಮ್ಮಪ್ಪ ಶಹಾಬಾದದ ಖಣಿಯೊಳಗ ಫರಸಿ ಒಡದು ನಮ್ಮನ್ನ ಸಾಕಿದ. ಕಲಬುರಗಿ ಕಡಿ ಯಾರ ಮನಿಗಿ ಹೋದ್ರೂ ಅಂಗಾಲಿಗಿ ತಣ್ಣಗ ಹತ್ತೋದು ಅದೇ ಕಲ್ಲು, ಆದ್ರ ಒಡದವ್ರು ಯಾರಂತ ಆ ಮನ್ಯಾಗ ಯಾರಿಗೂ ಗೊತ್ತಿರಂಗಿಲ್ಲ. ಅದಕ್ಕೇ ಇಂಗ್ಲೆಂಡಿನ ಡರ್ಹಮ್ ಕಡಿ ಕಲ್ಲಿದ್ದಲು ಕಾರ್ಮಿಕರ ಸಂಘದ ಬಗ್ಗೆ ಓದಿದಾಗ ನನಗ ಅಪ್ಪನೇ ಕಣ್ಮುಂದ ಬಂದ.

ಆ ಯೂನಿಯನ್ ಹುಟ್ಟಿದ್ದು 1869ರಾಗ. ಗಣಿ ಮಾಲೀಕ್ರು ಕೆಲಸದವ್ರಿಗಿ ಮನಿ ಕೊಡ್ತಿದ್ರು ಖರೇ, ಆದ್ರ ವಯಸ್ಸಾಗಿ ಕೆಲಸ ಬಿಟ್ರ ಮನೀನೂ ಬಿಡ್ಬೇಕು, ಸರ್ಕಾರದ ಪಿಂಚಣಿ ಇನ್ನೂ ಇರಲಾರದ ಕಾಲ, ಜೀವಮಾನಪೂರ್ತಿ ನೆಲದಾಗ ದುಡದ ಮುದುಕ ಹೆಂಡ್ತಿನ್ನ ಕರ್ಕೊಂಡು ಗಂಟುಮೂಟಿ ಹೊತ್ಕೊಂಡು ಎಲ್ಲಿಗಿ ಹೋಗ್ಬೇಕ್ರಿ? ಹಿಂಗಾಗಿ 1898ರಾಗ ಕಾರ್ಮಿಕರೇ ತಮ್ಮ ಕೂಲಿಯೊಳಗ ಸ್ವಲ್ಪ ಸ್ವಲ್ಪ ರೊಕ್ಕ ಕೂಡ್ಸಿ, ವಯಸ್ಸಾದವ್ರಿಗಿ ಮನಿ ಕೊಡೋ ಸಂಸ್ಥೆ ಸುರು ಮಾಡಿದ್ರು. ಇದನ್ನ ಓದಿ ಆ ರಾತ್ರಿ ನನಗ ನಿದ್ದಿ ಬರಲಿಲ್ಲ, ಯಾಕಂದ್ರ ನಮ್ಮಪ್ಪನಿಗಿ ಕಡೀ ದಿನದಾಗ ಇದ್ದದ್ದು ಬಾಡಿಗಿ ಖೋಲಿ.

1915ರಾಗ ಯೂನಿಯನ್‌ನವ್ರು ರೆಡ್‌ಹಿಲ್ಸ್ ಅನ್ನೋ ತಮ್ಮ ಭವನ ಕಟ್ಟಿದ್ರು. ಒಳಗಿನ ಸಭಾಂಗಣದಾಗ ಒಂದೊಂದು ಗಣಿಯ ಪ್ರತಿನಿಧಿಗಿ ನಂಬರ್ ಹಾಕಿದ ಕುರ್ಚಿ, ಜನ ಅದಕ್ಕ ಗಣಿಯವ್ರ ಪಾರ್ಲಿಮೆಂಟ್ ಅಂತಾರ.

ಮುಂದ 1984-85ರಾಗ ಗಣಿ ಮುಚ್ಚಬ್ಯಾಡ್ರಿ ಅಂತ ಸುಮಾರು ಒಂದು ವರ್ಷ ಮುಷ್ಕರ ಆಯ್ತು, ಕಾರ್ಮಿಕ್ರು ಸೋತ್ರು. 1993ರ ಡಿಸೆಂಬರ್‌ನಾಗ ಆ ಕಡಿ ಕಟ್ಟಕಡೀಗಿ ಉಳಿದಿದ್ದ ವೇರ್‌ಮೌತ್ ಗಣಿನೂ ಮುಚ್ಚಿತು, ಆ ಜಾಗದಾಗ ಈಗ ಫುಟ್‌ಬಾಲ್ ಸ್ಟೇಡಿಯಂ ಅದ. ಆದ್ರ 1871ರಾಗ ಸುರುವಾದ ಸಂಘದ ದೊಡ್ಡ ಮೇಳ ಮಾತ್ರ ನಿಂತಿಲ್ಲ ನೋಡ್ರಿ. ಜುಲೈ ತಿಂಗಳದಾಗ ಒಂದೊಂದು ಊರಿನವ್ರು ತಮ್ಮ ಗಣಿಯ ರೇಷ್ಮಿ ಬ್ಯಾನರ್ ಎತ್ಕೊಂಡು ಬ್ಯಾಂಡ್ ಬಾರಿಸ್ಕೋತ ಬರ್ತಾರ, ನಮ್ಮ ಶರಣಬಸವೇಶ್ವರ ತೇರಿಗಿ ಊರೂರಿಂದ ಜನ ಬರಂಗ. ಹಿಂದಕ ಗಣಿಯೊಳಗ ಯಾರರೆ ಸತ್ತಿದ್ರ ಆ ವರ್ಷ ಆ ಬ್ಯಾನರಿಗಿ ಕರೀ ಬಟ್ಟಿ ಕಟ್ಟತಿದ್ರು. ಗಣಿಯ ಮಾರೀನೇ ನೋಡಲಾರದ ಹುಡುಗ್ರು ಇವತ್ತು ಆ ಬ್ಯಾನರಿನ ಹಿಂದ ನಡೀತಾರ.

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಕಡಿ ಈ ಮಾತು ಕೇಳ್ಲಿಕ್ಕತ್ತಿದವ್ರಿಗಿ ನಂದೊಂದು ಕಳಕಳಿ ಅದ. ಮನ್ಯಾಗ ಅಪ್ಪನದೋ ಅಜ್ಜನದೋ ಛಿನ್ನಿ, ಸುತ್ತಿಗಿ, ಹಾಜರಿ ಚೀಟಿ, ಯೂನಿಯನ್ ಚಂದಾ ರಸೀದಿ ಇದ್ರ ದಯವಿಟ್ಟು ಗುಜರಿಗಿ ಹಾಕ್ಬ್ಯಾಡ್ರಿ. ಮುದುಕ್ರು ಇನ್ನೂ ಇದ್ರ ಬಾಜೂಕ ಕುಂತು ಅವ್ರ ಮಾತು ಮೊಬೈಲಿನಾಗ ರೆಕಾರ್ಡ್ ಮಾಡ್ಕೊಳ್ರಿ, ಯಾವ ಖಣಿ, ಯಾರ್ಯಾರು ಜೋಡಿ ಇದ್ರು, ಕೂಲಿ ಎಷ್ಟಿತ್ತು, ಎಲ್ಲಾ ಕೇಳ್ರಿ. ನಾನು ಅಪ್ಪನ್ನ ಕೇಳಲಿಲ್ಲ. ಆತನ ಛಿನ್ನಿ ಒಂದೇ ನನ್ನ ಹತ್ರ ಅದ.